ದೋಣಿಗೆ ನೆರಳು ಕಟ್ಟಿದ್ದು

ನನ್ನ ಅವನತಿ ಶುರುವಾದದ್ದು ನನ್ನ ಹೆಂಡತಿಯ ಮೂಗಿನಿಂದ. ಹೊಸದಾಗಿ ಕೊಂಡ ಪುಟ್ಟ ಹಾಯಿದೋಣಿಯಲ್ಲಿ ಅವಳನ್ನು ಮೊದಲ ಸಲ ಕೂರಿಸಿಕೊಂಡು ಕೆರೆಯ ಮೇಲೆ ಈ ದಡದ ಹತ್ತಿರವೇ ಒಂದು ಸುತ್ತು ಹಾಕಿ ಬಂದೆ. ಮಾರನೆಯ ಬೆಳಗ್ಗೆ ಆ ಮೂಗಿನ ತುದಿ ಬೇಯಿಸಿದ ಆಲೂಗಡ್ಡೆಯ ಹಾಗೆ ಸಿಪ್ಪೆ ಬಿಡತೊಡಗಿತು. ಹಣೆ, ಕೆನ್ನೆ ಕೆಂಪಾಗಿದ್ದವು. ಕನ್ನಡಕ ಕೂತಿದ್ದ ಜಾಗ ಮಾತ್ರ ಮೊದಲಿನ ಬಣ್ಣದಲ್ಲೇ ಇತ್ತು. ಅವಳು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದು ಆಮೇಲೆ ನನ್ನ ಕಡೆ ತಿರುಗಿದಳು. ಆ ನೋಟದ ಪರಿಚಯ ನನಗೆ ಮದುವೆಯಾದಂದಿನಿಂದ ಇರುವುದರಿಂದ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡೆ.

"ರೀ, ಆ ದೋಣಿಗೆ ಮೇಲೊಂದು ನೆರಳು ಅಂತ ಆಗೋ ತನಕ ನಾನು ಅದರೊಳಗೆ ಕಾಲಿಡಲ್ಲ," ಎಂದಳು.

ಇದು ಗಂಡಹೆಂಡಿರ ನಡುವಿನ ಮಾತಾಗಿಯೇ ಉಳಿದಿದ್ದರೆ ಹೇಗೋ ಆಗುತ್ತಿತ್ತು. ಆದರೆ ಊಟದ ಮೇಜಿನ ಹತ್ತಿರ ಭಾವ ಕೂತಿದ್ದರು. ಭಾವ ಎಂದರೆ ಇವಳ ಅಣ್ಣ. ಹಿಂದಿನ ಬೀದಿಯಲ್ಲೇ ಮನೆ. ಬೆಳಗಿನ ಕಾಫಿಗೆ ನಮ್ಮಲ್ಲಿಗೇ ಬರುತ್ತಾರೆ, ಯಾಕೆಂದರೆ ಅವರ ಮನೆಯಲ್ಲಿ ಕಾಫಿ ಕಾಯಿಸುವ ಪಾತ್ರೆಯಲ್ಲೂ ಗಿಡವಿದೆ. ಒಡೆದ ಕಮೋಡು, ಕೆಟ್ಟ ವಾಷಿಂಗ್ ಮೆಷಿನ್ನು, ತಮ್ಮದೇ ಹಳೆಯ ಸ್ಕೂಟರಿನ ಡಿಕ್ಕಿ, ಹೀಗೆ ಒಳಗೆ ಟೊಳ್ಳಾಗಿರುವ ಯಾವ ವಸ್ತುವನ್ನೂ ಅವರು ಮಣ್ಣು ತುಂಬದೆ ಬಿಟ್ಟವರಲ್ಲ. ಅವರೆದುರು ಆಕಳಿಸುವಾಗ ನಾನು ಬಾಯಿಗೆ ಕೈ ಅಡ್ಡ ಹಿಡಿಯುವುದು ಬರೀ ಮರ್ಯಾದೆಗಲ್ಲ. ದೋಣಿ ಬಂದ ದಿನ ಎಲ್ಲರೂ ತಲೆಯೆತ್ತಿ ಹಾಯಿ ನೋಡುತ್ತಿದ್ದರೆ ಅವರು ಬಗ್ಗಿ ತಳದ ಆಳ ನೋಡುತ್ತಿದ್ದರು.

"ನೆರಳು ಗಿರಳು ಎಲ್ಲಾ ಆಗೋ ಮಾತಲ್ಲ ಬಿಡಿ," ಎಂದರು ಭಾವ. "ನನಗೆ ಕೊಟ್ಬಿಡಿ. ಬೀನ್ಸ್ ಹಾಕ್ತೀನಿ."

ನನ್ನ ಹೆಂಡತಿ ಮೂಗಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಾ ತೀರ್ಪು ಕೊಟ್ಟಳು. "ಮಳೆಗಾಲದೊಳಗೆ ನೆರಳಾದ್ರೆ ಸರಿ. ಆಗ್ಲಿಲ್ಲ ಅಂದ್ರೆ ಅಣ್ಣ ತಗೊಂಡು ಹೋಗ್ಲಿ. ಸುಮ್ನೆ ಕಟ್ಟೇಲಿ ನಿಂತು ಕೊಳೆಯೋದಕ್ಕಿಂತ ಬೀನ್ಸ್ ಆದ್ರೂ ತಿನ್ನಬಹುದು."

"ಆಗತ್ತೆ. ಇದೇನು ಮಹಾ," ಎಂದೆ.

ಅಷ್ಟು ಧೈರ್ಯವಾಗಿ ಹೇಳಿದ್ದಕ್ಕೆ ಕಾರಣವಿತ್ತು. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ಚಪ್ಪಲಿ ಸವೆಸಿದವನು. ಈ ಊರಿನ ಒಂದೊಂದು ತಕ್ಕಡಿ, ಒಂದೊಂದು ಮೀಟರ್ ಕೋಲೂ ನನ್ನ ಕಣ್ಣಿನ ಕೆಳಗೆ ಹಾದು ಹೋಗಿದೆ. ಅಂಗಡಿಯವರು ಈಗಲೂ ನನ್ನನ್ನು ಕಂಡರೆ ಎರಡು ಟೊಮೆಟೊ ಹೆಚ್ಚಿಗೆ ಹಾಕುತ್ತಾರೆ. ಒಂದು ದೋಣಿಯ ಮೇಲಿನ ಬಟ್ಟೆ ಅಳೆಯುವುದು ನನಗೆ ಬೇರೆಯವರು ಹೇಳಿಕೊಡಬೇಕಾದ ವಿದ್ಯೆಯಾಗಿರಲಿಲ್ಲ.

ಇನ್ನೊಂದು ಕಾರಣವನ್ನು ಭಾವನ ಮುಂದೆ ಹೇಳುವಂತಿರಲಿಲ್ಲ. ನಮ್ಮ ಅಡುಗೆಮನೆಯ ಕಿಟಕಿಯಿಂದ ಕೆರೆಯ ಆಚೆ ದಡ ಕಾಣುತ್ತದೆ. ಅಲ್ಲಿ ಬೆಳ್ಳಗೆ ಏನೋ ಒಂದು ಇದೆ. ಈ ಮನೆಗೆ ಬಂದಂದಿನಿಂದ ಅವಳು ಪಾತ್ರೆ ತೊಳೆಯುತ್ತಾ "ರೀ, ಅದೇನಿರಬಹುದು?" ಎಂದು ಕೇಳುತ್ತಾ ಬಂದಿದ್ದಳು. ನಾನು ಊರೂರು ಅಲೆದು ತಕ್ಕಡಿ ಹಿಡಿಯುತ್ತಿದ್ದ ಕಾಲ ಅದು. ಕೈಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ "ರಿಟೈರ್ ಆದ್ಮೇಲೆ ಇಬ್ರೂ ಹೋಗಿ ನೋಡೋಣ" ಎನ್ನುತ್ತಿದ್ದೆ. ಬಸ್ಸು ಬದಲಾಯಿಸಿಕೊಂಡು ಸುತ್ತಿ ಹೋದರೆ ಆ ದಡಕ್ಕೂ ಹೋಗಬಹುದು, ಆದರೆ ಹಾಗೆ ಹೋಗಿ ನೋಡುವಂಥದ್ದಲ್ಲ ಅದು. ನಾನು ದೋಣಿ ಕೊಂಡದ್ದು, ಹಾಯಿ ಬಿಡುವುದನ್ನು ಕಲಿತದ್ದು ಎಲ್ಲ ಅದಕ್ಕೇ. ಅವಳು ಪಕ್ಕದಲ್ಲಿ ಕೂರದಿದ್ದರೆ ಆ ದೋಣಿ ನನಗೂ ಬೇಡ.

ಮೊದಲು ಹೊಳೆದದ್ದು ದೊಡ್ಡ ಕೊಡೆ. ಅಂಗಡಿಯವನು ಒಂದನ್ನು ಒಳಗೇ ಬಿಚ್ಚಿ ತೋರಿಸಿದ. ಬಿಚ್ಚಿದ್ದು ಮಡಚಲು ಬರಲಿಲ್ಲ, ಬಾಗಿಲಿನಿಂದ ಹೊರಗೂ ಬರಲಿಲ್ಲ. ನಾನು ಹೊರಗೆ ಬಂದ ಮೇಲೂ ಅವನು ಅದರ ಕೆಳಗೇ ಕೂತು ವ್ಯಾಪಾರ ಮಾಡುತ್ತಿದ್ದ. ಕೊನೆಗೆ ನಾನು ಕುಶನ್ ಮಾಸ್ಟರ್ ಹತ್ತಿರ ಹೋದೆ.

ಕುಶನ್ ಮಾಸ್ಟರ್ ಅಂದರೆ ವಾಹನಗಳ ಸೀಟು, ಟಾಪು, ಅಂಗಡಿಗಳ ಮುಂದಿನ ಮೇಲ್ಕಟ್ಟು ಹೊಲಿಯುವವರು. ತಮ್ಮ ಕೆಲಸದ ಬಗ್ಗೆ ಅವರಿಗೆ ಭಾರೀ ಅಭಿಮಾನ. ಒಂದು ಕಾಲದಲ್ಲಿ ಅವರ ಮೀಟರ್ ಕೋಲು ಗಿಡ್ಡ ಇದೆ ಎಂದು ಗಿರಾಕಿಗಳ ಎದುರಿಗೇ ಅದನ್ನು ನನ್ನ ಮೊಣಕಾಲಿಗೆ ಕೊಟ್ಟು ಮುರಿದಿದ್ದೆ. ಅಂದಿನಿಂದ ಅವರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ.

"ಯಾವ ಕಂಪನಿ ಸಾರ್? ಯಾವ ಮಾಡೆಲ್?"

"ದೋಣಿ."

"ಪೆಟ್ರೋಲಾ, ಡೀಸೆಲ್ಲಾ?"

"ಗಾಳಿ."

ಮಾಸ್ಟರ್ ಸೂಜಿಯನ್ನು ಕೆಳಗಿಟ್ಟರು. "ಗಾಳೀಲಿ ಓಡೋದಕ್ಕೆ ನಾನು ಇದುವರೆಗೂ ಹೊಲಿದಿಲ್ಲ. ಹೊಲಿದಿಲ್ಲ ಅಂದ್ರೆ ಬರಲ್ಲ ಅಂತಲ್ಲ. ಆದ್ರೆ ಒಂದು ಮಾತು ಸಾರ್. ನಾನು ನೀರಿನ ಹತ್ತಿರ ಬರಲ್ಲ. ಬಕೆಟ್ಟಲ್ಲಿ ನೀರು ಅಲ್ಲಾಡಿದ್ರೂ ನನಗೆ ತಲೆ ಸುತ್ತತ್ತೆ. ದೋಣೀನ ಅಂಗಡಿಗೆ ತಗೊಂಡು ಬನ್ನಿ."

ದೋಣಿಯನ್ನು ತರುವುದು ಹೇಗೆ? ಅವರನ್ನು ದೋಣಿಯ ಹತ್ತಿರ ಒಯ್ಯುವುದಾದರೂ ಹೇಗೆ? ಆಗ ನನ್ನ ತಲೆಗೆ ಆ ಹಾಳು ಯೋಚನೆ ಬಂತು. "ನಮ್ಮನೆಗೆ ಬನ್ನಿ. ದೋಣಿ ಎಷ್ಟಿದೆಯೋ ಅಷ್ಟೇ ಅಳತೆಗೆ ಹಾಲಲ್ಲಿ ಜೋಡಿಸಿ ಇಟ್ಟಿರ್ತೀನಿ. ಒಂದು ಗೇಣೂ ವ್ಯತ್ಯಾಸ ಬರಲ್ಲ."

ಅದಕ್ಕೂ ಮುಂಚೆ ಬಟ್ಟೆಯ ಬಣ್ಣ ಆರಿಸುವ ಕೆಲಸವಿತ್ತು. ಮಾಸ್ಟರ್ ಕೊಟ್ಟ ತುಂಡುಗಳನ್ನು ತಂದು, ಬಿಸಿಲು ಬೀಳುವ ನಮ್ಮ ಮನೆಯ ಹೊರಮೆಟ್ಟಿಲ ಮೇಲೆ ಹೆಂಡತಿಯನ್ನು ಕುರ್ಚಿ ಹಾಕಿ ಕೂರಿಸಿ, ಅವಳ ತಲೆಯ ಮೇಲೆ ಒಂದೊಂದೇ ಹಿಡಿದೆ. ಹಸಿರು ಹಿಡಿದಾಗ ಕೆಳಗಿನ ಮನೆಯಾಕೆ ಬಾಗಿಲು ತೆರೆದು ಹೊರಗೆ ಬಂದರು. ನಮ್ಮ ಮನೆಯಲ್ಲಿ ಚಮಚ ಬಿದ್ದರೂ ದೂರು ಹೇಳಲು ಮೆಟ್ಟಿಲು ಹತ್ತಿ ಬರುವವರು, ಬಂದ ಮೇಲೆ ಚಮಚ ಹುಡುಕಿಕೊಟ್ಟು ಹೋಗುವವರು.

"ಅಯ್ಯೋ, ಇವರಿಗೇನಾಯ್ತು? ಮುಖ ಹಸಿರುಗಟ್ಟಿದೆ. ಡಾಕ್ಟರಿಗೆ ತೋರಿಸಿದ್ರಾ?"

ನೀಲಿ ಹಿಡಿದೆ. ಅವರು ಎರಡು ಮೆಟ್ಟಿಲು ಹಿಂದಕ್ಕೆ ಸರಿದು ಸೆರಗು ಬಾಯಿಗೆ ಒತ್ತಿಕೊಂಡರು. ಕೆಂಪು ಹಿಡಿದಾಗ ಎದುರು ಮನೆಯ ಬಾಲ್ಕನಿಯಿಂದ ಯಾರೋ "ಯಾಕೆ, ಜಗಳ ಆಡ್ತಿದೀರಾ?" ಎಂದು ಕೇಳಿದರು. ಹಳದಿಗೆ ಎಲ್ಲರೂ ಒಟ್ಟಿಗೆ ಕಾಮಾಲೆ ಎಂದರು. ಕೊನೆಯಲ್ಲಿ ಹಾಲಿನ ಕೆನೆಯ ಬಣ್ಣದ ಕ್ಯಾನ್ವಾಸು ಹಿಡಿದಾಗ ಕೆಳಗಿನ ಮನೆಯಾಕೆ ತಲೆದೂಗಿ, "ಇದ್ರಲ್ಲಿ ಎಷ್ಟೋ ವಾಸಿ. ಮನುಷ್ಯರ ಹಾಗೆ ಕಾಣ್ತಾರೆ," ಎಂದರು. ಆ ಮಾತಿನಿಂದಾಗಿ ಅವತ್ತು ಮಧ್ಯಾಹ್ನ ನಮ್ಮ ಮನೆಯಲ್ಲಿ ಅಡುಗೆ ತಡವಾಯಿತು.

ಮಾಸ್ಟರ್ ಬರುವ ದಿನ ನಾನು ಬೆಳಗ್ಗೆಯೇ ಕೆರೆಗೆ ಹೋಗಿ ಟೇಪು ಹಿಡಿದು ದೋಣಿಯ ಉದ್ದಗಲ, ಎತ್ತರ, ಸೀಟಿನ ಆಳ ಎಲ್ಲ ತೆಗೆದುಕೊಂಡು ಬಂದೆ. ಆಮೇಲೆ ಹಾಲಿನಲ್ಲಿ ದೋಣಿ ಕಟ್ಟಿದೆ. ಸೋಫಾ ಹಿಂಬದಿ, ದಿವಾನ ಎಡಪಕ್ಕ, ಊಟದ ಕುರ್ಚಿಗಳು ಬಲಪಕ್ಕ, ಮೂತಿಗೆ ಇಸ್ತ್ರಿ ಮೇಜು. ಚುಕ್ಕಾಣಿಗೆ ಕಸಬರಿಗೆ. ಹಾಯಿಕಂಬದ ಜಾಗದಲ್ಲಿ ಎತ್ತರದ ಸ್ಟ್ಯಾಂಡ್ ಫ್ಯಾನ್ ನಿಲ್ಲಿಸಿದೆ. ಇನ್ನು ಉಳಿದದ್ದು ಅಡ್ಡಗೋಲು. ಹಾಯಿದೋಣಿ ನೋಡದವರಿಗೆ ಹೇಳಬೇಕೆಂದರೆ, ಹಾಯಿಯ ಬುಡವನ್ನು ಹಿಡಿದಿರುವ ಉದ್ದನೆಯ ಕೋಲು ಅದು. ಒಂದು ತುದಿ ಕಂಬಕ್ಕೆ ಸಿಕ್ಕಿಸಿರುತ್ತದೆ, ಇನ್ನೊಂದು ತುದಿ ಗಾಳಿ ಬಂದ ಹಾಗೆ ಕೂತವರ ತಲೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಬೀಸುತ್ತದೆ. ಮೊದಲ ದಿನ ಅದು ನನ್ನ ಹೆಂಡತಿಯ ತುರುಬಿಗೆ ತಾಗಿ ಹೋಗಿತ್ತು. ಅದರ ಬದಲಿಗೆ ಬಟ್ಟೆ ಒಣಗಿಸುವ ಬಿದಿರುಕೋಲನ್ನು ತಂದು, ಒಂದು ತುದಿಯನ್ನು ಫ್ಯಾನಿನ ಕತ್ತಿಗೂ ಇನ್ನೊಂದನ್ನು ಪರದೆಯ ಸರಳಿಗೂ ದಾರದಿಂದ ಕಟ್ಟಿದೆ. ಹಿಂದೆ ಸರಿದು ನೋಡಿದೆ. ನೀರೊಂದು ಬಿಟ್ಟರೆ ಎಲ್ಲ ಇತ್ತು.

ಸೋಫಾ ಎಳೆದ ಸದ್ದಿಗೆ ಕೆಳಗಿನ ಮನೆಯಾಕೆ ಮೇಲೆ ಬಂದರು. "ಮನೆ ಖಾಲಿ ಮಾಡ್ತಿದೀರಾ?" ಎಂದು ಆಸೆಯಿಂದ ಕೇಳಿದರು. ಇಲ್ಲವೆಂದು ತಿಳಿದು ಬೇಸರವಾಗಿ ದಿವಾನದ ಮೇಲೆ ಕೂತುಬಿಟ್ಟರು. ಭಾವ ಸೋಫಾದಲ್ಲಿ ಕೂತು ಕಸಬರಿಗೆ ಹಿಡಿದರು, ಗಾಳಿ ಬೇಕೆಂದು ಫ್ಯಾನ್ ಹಾಕಿಸಿದರು. ಅದೇ ಹೊತ್ತಿಗೆ ನನ್ನ ಹೆಂಡತಿ ಒಗೆದ ಬೆಡ್‌ಶೀಟುಗಳ ರಾಶಿ ಹೊತ್ತು ಬಂದಳು.

"ರೀ, ಆ ಕೋಲು ಬಿಚ್ಚಿ ಕೊಡಿ. ಬಿಸಿಲು ಹೋಗೋದ್ರೊಳಗೆ ಇವನ್ನ ಹಾಕ್ಬೇಕು."

ಇಲ್ಲಿ ನಾನು ಒಂದು ಮಾತು ಸ್ಪಷ್ಟಪಡಿಸಬೇಕು. ಅವಳು ಕದ್ದು ಒಯ್ಯಲಿಲ್ಲ. ಕೇಳಿ ಒಯ್ದಳು. ನಾನೇ ದಾರ ಬಿಚ್ಚಿದೆ, ನಾನೇ "ಫ್ಯಾನಿಗೆ ತಾಗೀತು, ಹುಷಾರು" ಎಂದೆ, ಅಡುಗೆಮನೆಯ ಬಾಗಿಲಲ್ಲಿ ಕೋಲು ಸಿಕ್ಕಿಕೊಂಡಾಗ ಇನ್ನೊಂದು ತುದಿ ಎತ್ತಿಕೊಟ್ಟವನೂ ನಾನೇ. ಅಷ್ಟರಲ್ಲಿ ಮಾಸ್ಟರ್ ಬೆಲ್ ಮಾಡಿದರು. ನಾನು ಹೋಗಿ ಬಾಗಿಲು ತೆಗೆದೆ.

ಮಾಸ್ಟರ್ ದೋಣಿಯನ್ನು ಸುತ್ತಿ ನೋಡಿದರು. ಸೋಫಾ ಒತ್ತಿ ನೋಡಿ, "ಕುಶನ್ ನಮ್ಮ ಕೈಕೆಲಸ ಅಲ್ಲ," ಎಂದರು. ಆಮೇಲೆ ಅಳತೆ ಶುರುವಾಯಿತು. ಬೆಡ್‌ಶೀಟು ಒಣಹಾಕಿ ಬಂದು ಕೂತ ನನ್ನ ಹೆಂಡತಿಯ ತುರುಬಿನ ತುದಿಯಿಂದ ಮೇಲಕ್ಕೆ ಒಂದು ಮೊಳ. ಭಾವ ಕೂತಲ್ಲೇ ಕೈ ಎತ್ತಿ ಮೈ ಮುರಿದರೆ ತಾಗಬಾರದು. ಕೆಳಗಿನ ಮನೆಯಾಕೆ ತಮ್ಮ ತಲೆಯ ಮೇಲೆ ಟೇಪು ಹಿಡಿಯದೆ ಮಾಸ್ಟರ್ ಮುಂದೆ ಹೋದದ್ದಕ್ಕೆ ಕೆಮ್ಮಿದರು. ಅವರದನ್ನೂ ತೆಗೆದುಕೊಂಡರು. ನಾನು ಪ್ರತಿಯೊಂದನ್ನೂ ನನ್ನ ಟೇಪಿನಿಂದ ಪರೀಕ್ಷೆ ಮಾಡಿದೆ. ಯಾವ ನ್ಯಾಯಾಲಯಕ್ಕೆ ಬೇಕಾದರೂ ಬಂದು ಹೇಳುತ್ತೇನೆ, ಆ ಹಾಲಿನಲ್ಲಿ ಏನಿತ್ತೋ ಅದರ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಸಾರ್, ಒಂದು ಚೂರು ಕಡಿಮೆ ಆಯ್ತು ಅಂತ ನೀವು ಹೇಳೋ ಹಾಗೇ ಇಲ್ಲ," ಎಂದು ಹೊರಡುವಾಗ ಮಾಸ್ಟರ್ ತಮ್ಮ ಮೊಣಕಾಲು ಸವರಿಕೊಂಡರು. ಹೆದರಿಕೆ ಎಷ್ಟಿತ್ತೆಂದರೆ, ಬಟ್ಟೆ ಬಂದಾಗ ನಾಲ್ಕೂ ಕಡೆ ಒಂದೊಂದು ಗೇಣು ಜಾಸ್ತಿಯೇ ಇತ್ತು.

ಮೇಲ್ಕಟ್ಟು ಕಟ್ಟುವ ದಿನ ಬಂತು. ಮೋಡ ಇನ್ನೂ ಎಲ್ಲೂ ಇರಲಿಲ್ಲ. ದೋಣಿಕಟ್ಟೆಯಲ್ಲಿ ಎಲ್ಲರೂ ಮಾಡುವ ಹಾಗೆ ನಾನೂ ಹಾಯಿಯನ್ನೂ ಅಡ್ಡಗೋಲನ್ನೂ ಬಿಚ್ಚಿ ಕಟ್ಟೆಯ ಶೆಡ್ಡಿನಲ್ಲಿ ಇಟ್ಟಿದ್ದೆ. ದೋಣಿಯಲ್ಲಿ ಬರೀ ಹಾಯಿಕಂಬ ನಿಂತಿತ್ತು. ಭಾವನೂ ನಾನೂ ಬಟ್ಟೆಗೆ ಆಸರೆಯಾಗುವ ಪೈಪುಗಳನ್ನು ನಿಲ್ಲಿಸಿ ಬೋಲ್ಟು ಬಿಗಿದೆವು. ಮಾಸ್ಟರ್ ನೀರಿಗೆ ಬೆನ್ನು ಮಾಡಿ ದೂರದಲ್ಲಿ ಒಂದು ಮರದ ಕೆಳಗೆ ನಿಂತು, ನಾವು ಏನು ಮಾಡುತ್ತಿದ್ದೇವೆಂದು ನೋಡದೆಯೇ ಸಲಹೆ ಕೊಡುತ್ತಿದ್ದರು.

"ಎಡಗಡೆ ಎಳೀರಿ ಸಾರ್. ಜಾಸ್ತಿ ಎಳೆದ್ರಿ."

"ನಾವಿನ್ನೂ ಎಳೆದೇ ಇಲ್ಲ ಮಾಸ್ಟರ್."

"ಹಾಗಿದ್ರೆ ಸರಿ ಇದೆ."

ಬಟ್ಟೆ ಹರಡಿ ದಾರ ಬಿಗಿದಾಗ, ನಿಜ ಹೇಳುತ್ತೇನೆ, ನಾನು ಟೇಪು ತೆಗೆಯುವುದನ್ನೇ ಮರೆತೆ. ಅಷ್ಟು ಚೆನ್ನಾಗಿತ್ತು. ಕೆನೆಬಣ್ಣದ ಚಾವಣಿಯ ಕೆಳಗೆ ಮೂರೂ ಪಕ್ಕದ ಸೀಟುಗಳ ಮೇಲೆ ತಂಪಾದ ನೆರಳು. ಕಟ್ಟೆಯ ಮೇಲೆ ಹೋಗುತ್ತಿದ್ದವರು ನಿಂತು ನೋಡಿದರು. ಒಬ್ಬ ಮುದುಕ ಹತ್ತಿ ಕೂತು, ಐಸ್‌ಕ್ರೀಮ್ ಇಲ್ಲವೆಂದು ತಿಳಿದ ಮೇಲೆ ಇಳಿದು ಹೋದ. ನನ್ನ ಹೆಂಡತಿ ಫ್ಲಾಸ್ಕು ಹಿಡಿದು ಬಂದಳು. ಅವಳ ಹಿಂದೆ ಕೆಳಗಿನ ಮನೆಯಾಕೆಯೂ ಬಂದರು. ನಾನು ಮುಖ ನೋಡಿದ್ದಕ್ಕೆ, "ನನ್ನ ಅಳತೇನೂ ತಗೊಂಡಿದೀರಲ್ಲ," ಎಂದರು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಎಲ್ಲರೂ ಕೂತರು. ಅವಳು ತಲೆಯೆತ್ತಿ ಚಾವಣಿ ನೋಡಿದಳು, ಮೂಗು ಮುಟ್ಟಿ ನೋಡಿಕೊಂಡಳು. "ಚೆನ್ನಾಗಿದೆ ರೀ," ಎಂದಳು. "ಹೊರಡೋಣ. ಆ ಬೆಳ್ಳಗಿರೋದನ್ನ ಇವತ್ತು ನೋಡೇಬಿಡೋಣ."

ಭಾವನ ಮುಖ ಬಾಡಿತು. ನಾನು ಗೆದ್ದಿದ್ದೆ. ಗೆದ್ದವನ ನಡಿಗೆಯಲ್ಲೇ ಶೆಡ್ಡಿಗೆ ಹೋಗಿ, ಹಾಯಿ ಸುತ್ತಿದ್ದ ಅಡ್ಡಗೋಲನ್ನು ಹೆಗಲ ಮೇಲೆ ಹೊತ್ತು ಕಟ್ಟೆಯ ಮೇಲೆ ಬರುತ್ತಿದ್ದೆ. ಅರ್ಧ ದಾರಿಯಲ್ಲಿ ನನ್ನ ಕಾಲುಗಳು ತಾವಾಗಿಯೇ ನಿಂತವು. ಕಂಬ ಕಾಣುತ್ತಿತ್ತು. ಕಂಬಕ್ಕೆ ಒತ್ತಿಕೊಂಡು ನಿಂತ ಪೈಪು ಕಾಣುತ್ತಿತ್ತು. ಈ ಕೋಲೂ ಅದರ ಮೇಲಿನ ಹಾಯಿಯೂ ಬೀಸಾಡಬೇಕಾದ ಜಾಗದಲ್ಲೆಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ, ಮಾಸ್ಟರ್ ಹೊಲಿದ ಕ್ಯಾನ್ವಾಸು ಡೋಲಿನ ಚರ್ಮದ ಹಾಗೆ ಬಿಗಿದು ಕೂತಿತ್ತು.

"ಯಾಕ್ರೀ ನಿಂತ್ರಿ?" ಎಂದು ಅವಳು ಕೇಳಿದಳು.

"ಈ ಕೋಲು..." ಎಂದೆ.

"ಯಾವ ಕೋಲು?"

"ಅವತ್ತು ಬೆಡ್‌ಶೀಟ್ ಒಣಗಿಸೋಕೆ ತಗೊಂಡು ಹೋದ್ಯಲ್ಲ, ಆ ಕೋಲು."

ಅವಳು ಸ್ವಲ್ಪ ಯೋಚಿಸಿದಳು. "ಅದು ಮನೇಲೇ ಇದೆಯಲ್ಲ. ಅದ್ಯಾಕೆ ಈಗ?"

ನಾನು ಅವಳಿಗೆ ಏನು ಹೇಳಬೇಕಿತ್ತು? ಚಾವಣಿ ಇದ್ದರೆ ಹಾಯಿ ಇಲ್ಲ, ಹಾಯಿ ಹಾಕಿದರೆ ಚಾವಣಿ ಇಲ್ಲ, ನೆರಳಿನಲ್ಲಿ ಕೂರಬಹುದು ಇಲ್ಲವೇ ಮುಂದಕ್ಕೆ ಹೋಗಬಹುದು, ಎರಡೂ ಆಗುವುದಿಲ್ಲ ಎಂದು ಕೆರೆಯ ಕಟ್ಟೆಯ ಮೇಲೆ ನಿಂತು ಹೇಳಬೇಕಿತ್ತು. ಕೋಲನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡೆ. ಭಾವನಿಗೆ ಮಾತ್ರ ಅರ್ಥವಾಗಿಬಿಟ್ಟಿತು. ಬಾಡಿದ್ದ ಮುಖ ಅರಳಿತು. ಅವರು ಪೈಪನ್ನು ಪ್ರೀತಿಯಿಂದ ತಟ್ಟಿ, "ಇದನ್ನ ಬಿಚ್ಚೋದು ಬೇಡ. ಬಳ್ಳಿ ಹಬ್ಬೋಕೆ ಅನುಕೂಲ," ಎಂದರು.

ಅಷ್ಟರಲ್ಲಿ ದೋಣಿಕಟ್ಟೆಯ ಅಧಿಕಾರಿ ಬಂದರು. ಬಿಸಿಲಿಗೆ ಕರಿ ಕನ್ನಡಕ, ಕೈಯಲ್ಲಿ ಲಾಠಿಯಂಥ ಕೊಡೆ.

"ಇದು ಯಾರ ಮನೆ?"

"ಮನೆಯಲ್ಲ ಸಾರ್, ದೋಣಿ."

"ಚಾವಣಿ ಇದೆ. ಒಳಗೆ ಸಂಸಾರ ಕೂತು ಕಾಫಿ ಕುಡೀತಿದೆ. ಇದನ್ನ ದೋಣಿ ಅಂತ ನಾನು ಹೇಗೆ ಒಪ್ಪಲಿ?"

"ಹಾಯಿದೋಣಿ ಸಾರ್."

"ಹಾಯಿ ಎಲ್ಲಿ?"

ನಾನು ಹೆಗಲ ಮೇಲಿದ್ದದ್ದನ್ನು ತೋರಿಸಿದೆ. ಅವರು ಅದನ್ನು ನೋಡಿದರು, ದೋಣಿಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ಇದನ್ನ ಅಲ್ಲಿ ಎಲ್ಲಿ ಹಾಕ್ತೀರಿ? ತೋರಿಸಿ."

ಈ ಪ್ರಪಂಚದಲ್ಲಿ ಆ ಹೊತ್ತಿಗೆ ನನ್ನನ್ನು ಕೇಳಬಾರದಿದ್ದ ಪ್ರಶ್ನೆ ಅದೊಂದೇ. ನಾನು ಪೆಚ್ಚುಮೋರೆ ಹಾಕಿಕೊಂಡು ನಿಂತೆ. ಹಾಯಿ ಹಾಕಲಾಗದ ದೋಣಿ ಹಾಯಿದೋಣಿಯಲ್ಲ, ಎಂಜಿನ್ ಇಲ್ಲದ್ದು ಲಾಂಚಲ್ಲ, ಚಾವಣಿ ಇದ್ದರೂ ಬಾಗಿಲಿಲ್ಲದ್ದು ಮನೆಯೂ ಅಲ್ಲ, ಆದ್ದರಿಂದ ನಿಮ್ಮದು ಯಾವುದೂ ಅಲ್ಲ, ಯಾವುದೂ ಅಲ್ಲದ್ದನ್ನು ಕಟ್ಟೆಗೆ ಕಟ್ಟಲು ನಾನು ಬಿಡುವುದಿಲ್ಲ ಎಂದು ಅಧಿಕಾರಿಗಳು ಬೆರಳು ಮಡಚುತ್ತಾ ವಿವರಿಸಿದರು. ನಾನು ಅಂಗಡಿಯವರಿಗೆ ವಿವರಿಸುತ್ತಿದ್ದದ್ದೂ ಹೀಗೆಯೇ. ಅವರ ಮುಖವೂ ಆಗ ನನ್ನದರ ಹಾಗೆಯೇ ಇರುತ್ತಿತ್ತು.

ನಾವು ಹೀಗೆ ಮಾತಾಡುತ್ತಿರುವಾಗ ಗಾಳಿ ಎದ್ದಿತು. ಮಾಸ್ಟರ್ ಜಾಸ್ತಿ ಬಿಟ್ಟಿದ್ದ ಆ ಒಂದು ಗೇಣಿನ ಅಂಚು ಪಟಪಟ ಬಡಿಯತೊಡಗಿತು. ಕೆಳಗಿನ ಮನೆಯಾಕೆಗೆ ಸದ್ದು ಅಂದರೆ ಆಗದು. "ಅದನ್ನ ಯಾರಾದ್ರೂ ಕಟ್ಟಿ," ಎಂದರು. ಭಾವ ಹಗ್ಗ ಹುಡುಕಿದರು. ದೋಣಿಯ ಮೂತಿಯಿಂದ ಕಟ್ಟೆಯ ಗೂಟಕ್ಕೆ ಒಂದು ಒಳ್ಳೆಯ ಹಗ್ಗ, ಅವರ ದೃಷ್ಟಿಯಲ್ಲಿ ಏನೂ ಕೆಲಸವಿಲ್ಲದೆ, ಜೋತು ಬಿದ್ದಿತ್ತು. ಅವರು ಅದನ್ನು ಗೂಟದಿಂದ ಬಿಚ್ಚಿ ತಂದು ಚಾವಣಿಯ ಅಂಚನ್ನು ಎರಡು ಸುತ್ತು ಬಿಗಿದು ಕಟ್ಟಿದರು. ಬಡಿತ ನಿಂತಿತು.

ನಾನು ತಿರುಗಿ ನೋಡುವಾಗ ದೋಣಿಗೂ ಕಟ್ಟೆಗೂ ನಡುವೆ ಒಂದು ಆಳುದ್ದದಷ್ಟು ನೀರಿತ್ತು. ಕೆನೆಬಣ್ಣದ ಚಾವಣಿ ಹೊಟ್ಟೆ ಉಬ್ಬಿಸಿಕೊಂಡು ಗಾಳಿ ಕುಡಿಯುತ್ತಿತ್ತು. ಯಾವ ಹಾಯಿಯೂ ಇಲ್ಲದೆ, ಹಿಂಬದಿ ಮುಂದಾಗಿ, ಬಹಳ ಗಾಂಭೀರ್ಯದಿಂದ ನನ್ನ ದೋಣಿ ಹೊರಟಿತ್ತು.

"ರೀ, ಹೊರಟಿತು ನೋಡಿ," ಎಂದಳು ನನ್ನ ಹೆಂಡತಿ. "ಬೇಗ ಬನ್ನಿ."

ನಾನು ಕಟ್ಟೆಯ ಅಂಚಿಗೆ ಓಡಿ ಅಡ್ಡಗೋಲನ್ನು ಅವರ ಕಡೆಗೆ ಚಾಚಿದೆ. "ಹಿಡ್ಕೊಳ್ಳಿ ಭಾವ." ಅವರು ಕೈ ಚಾಚಿದರು. ಕೋಲು ಒಂದು ಗೇಣು ಕಡಿಮೆ ಬಿತ್ತು. ಸರ್ವೀಸಿನಲ್ಲಿ ಎಷ್ಟೋ ಜನರ ಕೈಯಿಂದ ಗಿಡ್ಡ ಕೋಲು ಕಿತ್ತುಕೊಂಡವನು ನಾನು. ಕೊನೆಗೆ ನನ್ನ ಕೈಯಲ್ಲೂ ಒಂದು ಗಿಡ್ಡ ಕೋಲೇ ಉಳಿಯಿತು.

"ಚುಕ್ಕಾಣಿ ಹಿಡಿದಿರೋರಿಗೆ ಅನುಭವ ಇದೆಯಾ?" ಎಂದು ಅಧಿಕಾರಿಗಳು ಪಕ್ಕದಲ್ಲಿ ನಿಂತು ಕೇಳಿದರು.

"ಕಸಬರಿಗೆ ಹಿಡಿದು ಅಭ್ಯಾಸ ಇದೆ," ಎಂದೆ. ಹೇಳಿದ ಮೇಲೆ ನನಗೇ ಅಳು ಬಂತು.

ಕುಶನ್ ಮಾಸ್ಟರ್ ಮೊದಲ ಸಲ ನೀರಿನ ಕಡೆ ತಿರುಗಿ ನೋಡಿದರು. ತಲೆ ಸುತ್ತಿದರೂ ಮರ ಹಿಡಿದುಕೊಂಡು ನಿಂತು ನೋಡಿದರು. "ಹೊಲಿಗೆ ನೋಡಿ ಸಾರ್," ಎಂದರು. "ಒಂದು ಎಳೆ ಬಿಟ್ಟಿಲ್ಲ."

ನಾನು ಕೋಲು ಹೊತ್ತು ಬಿಸಿಲಿನಲ್ಲಿ ನಿಂತಿದ್ದೆ. ಚಾವಣಿ ಚಿಕ್ಕದಾಗುತ್ತಾ ಹೋಯಿತು. ಅದರ ಕೆಳಗೆ ಅವಳು ಕೈಯೆತ್ತಿ ಏನೋ ತೋರಿಸುತ್ತಿದ್ದದ್ದು ಕಾಣುತ್ತಿತ್ತು. ಆಚೆ ದಡದ ಬಿಳುಪನ್ನೇ ತೋರಿಸುತ್ತಿದ್ದಳು ಎಂಬುದರಲ್ಲಿ ಈಗಲೂ ನನಗೆ ಅನುಮಾನವಿಲ್ಲ. ಅವಳ ಪಕ್ಕದಲ್ಲಿ ಕೂತು ಅದನ್ನು ನೋಡಿದವರು ಕೆಳಗಿನ ಮನೆಯಾಕೆ.

ಅಧಿಕಾರಿಗಳ ಲಾಂಚು ಹೊರಟು ಆ ದಡ ತಲುಪುವ ಹೊತ್ತಿಗೆ ದೋಣಿ ಕಲ್ಲುಗಳ ಮೇಲೆ ಏರಿ ತಳ ಸೀಳಿಕೊಂಡು ಕೂತಿತ್ತಂತೆ. ಜನಕ್ಕೆ ಏನೂ ಆಗಿರಲಿಲ್ಲ. ಲಾಂಚಿನಲ್ಲಿ ಮೂವರನ್ನೂ ಕರೆತಂದರು, ಅದರ ಹಿಂದೆ ದೋಣಿ ಅರ್ಧ ಮುಳುಗಿಕೊಂಡು ಬಂತು. ಚಾವಣಿಗೆ ಮಾತ್ರ ಒಂದು ಗೀರೂ ಆಗಿರಲಿಲ್ಲ. ನನ್ನ ಹೆಂಡತಿ ಕಟ್ಟೆಗೆ ಇಳಿದಳು. ಮೂಗು ಚೆನ್ನಾಗಿತ್ತು. ಮುಖದಲ್ಲಿ ಎಷ್ಟೋ ವರ್ಷದಿಂದ ನೋಡದ ಕಳೆಯಿತ್ತು. ನನ್ನ ಮುಖ ನೋಡಿ, "ಅಯ್ಯೋ, ಮೂಗೆಲ್ಲ ಸುಟ್ಟುಹೋಗಿದೆ. ನೆರಳಲ್ಲಿ ನಿಲ್ಲಬಾರದಿತ್ತಾ?" ಎಂದಳು.

"ಅದೇನಿತ್ತು?" ಎಂದು ಕೇಳಿದೆ.

"ಯಾವುದು?"

"ಬೆಳ್ಳಗಿರೋದು."

"ಓ, ಅದಾ. ಅಲ್ಲೊಂದು ದೊಡ್ಡ ಲಾಂಡ್ರಿ ಇದೆ ರೀ. ಹೋಟೆಲುಗಳ ಬೆಡ್‌ಶೀಟು ಒಗೆದು ಒಣಹಾಕ್ತಾರೆ. ಎಷ್ಟು ಉದ್ದದ ಕೋಲುಗಳು ಅಂತೀರಿ." ಫ್ಲಾಸ್ಕನ್ನು ನನ್ನ ಕೈಗೆ ಕೊಡುತ್ತಾ ಹೇಳಿದಳು, "ನೀವೂ ಬರಬೇಕಿತ್ತು."

ಮೊದಲ ಮಳೆ ಬೀಳುವ ಮುಂಚೆಯೇ ಭಾವ ಆಳುಗಳನ್ನು ಕರೆಸಿ ದೋಣಿಯನ್ನು ತಮ್ಮ ತೋಟಕ್ಕೆ ಹೊರಿಸಿಕೊಂಡು ಹೋದರು. ತಳ ಸೀಳಿದ್ದು ಒಳ್ಳೆಯದೇ ಆಯಿತು, ನೀರು ನಿಲ್ಲುವುದಿಲ್ಲ ಎಂದರು. ಕೆಳಗಿನ ಮನೆಯಾಕೆ ಕ್ಯಾನ್ವಾಸನ್ನು ಬಿಚ್ಚಿ ಒಯ್ದು ತಮ್ಮ ಬಾಗಿಲಿನ ಮೇಲೆ ಕಟ್ಟಿಸಿಕೊಂಡರು. ಅಡ್ಡಗೋಲು ನಮ್ಮ ಅಡುಗೆಮನೆಯ ಹಿಂದಿನ ಬಾಲ್ಕನಿಗೆ ಬಂತು. ಬಿದಿರುಕೋಲಿಗಿಂತ ಗಟ್ಟಿ, ಒಟ್ಟಿಗೆ ನಾಲ್ಕು ಬೆಡ್‌ಶೀಟು ಹಿಡಿಯುತ್ತದೆ.

ನಾನು ಬಹಳ ದಿನ ಆ ಹಿಂದಿನ ಬೀದಿಯ ಕಡೆಗೇ ಹೋಗಲಿಲ್ಲ. ಮಳೆ ನಿಂತು ಬಿಸಿಲು ಬಂದ ಮೇಲೆ ಒಂದು ಸಂಜೆ ನನ್ನ ಹೆಂಡತಿ ಫ್ಲಾಸ್ಕು ಕೈಯಲ್ಲಿ ಹಿಡಿದು, "ಬನ್ನಿ," ಎಂದಳು. ಎಲ್ಲಿಗೆ ಎಂದು ಹೇಳಲಿಲ್ಲ. ಭಾವನ ತೋಟಕ್ಕೆ ಕರೆದುಕೊಂಡು ಹೋದಳು. ದೋಣಿಯ ಮುಂಭಾಗದಲ್ಲಿ ಮಣ್ಣು ತುಂಬಿತ್ತು. ಬೀನ್ಸ್ ಬಳ್ಳಿ ಪೈಪುಗಳನ್ನೆಲ್ಲ ತಬ್ಬಿ ಮೇಲೆ ಹಬ್ಬಿ, ಹಸಿರು ಚಾವಣಿಯಾಗಿ ಕೂತಿತ್ತು. ಹಿಂಭಾಗದಲ್ಲಿ ಚುಕ್ಕಾಣಿಯ ಹತ್ತಿರ ಇಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಟೊಳ್ಳಾದದ್ದನ್ನು ಭಾವ ತುಂಬದೆ ಬಿಟ್ಟದ್ದು ಅದೇ ಮೊದಲು.

"ನಾನೇ ಬೇಡ ಅಂದೆ," ಎಂದಳು ಅವಳು. "ಮೂರು ದಿನ ಜಗಳ ಆಡಿದೀನಿ ಅಣ್ಣನ ಹತ್ರ."

ಇಬ್ಬರೂ ಹತ್ತಿ ಕೂತೆವು. ಬಳ್ಳಿಯ ನೆರಳಿನಲ್ಲಿ ಅವಳ ಮುಖ ಹಸಿರಾಗಿತ್ತು. ನನ್ನದೂ ಹಾಗೆಯೇ ಕಂಡಿರಬೇಕು. ಅವಳು ಕಾಫಿ ಬಗ್ಗಿಸಿ ಕೊಟ್ಟಳು.

"ನೆರಳು ಸಾಕಾ?" ಎಂದು ಕೇಳಿದೆ.

"ಸಾಕು," ಎಂದಳು. "ಹೊರಡಿ."

ನಾನು ಚುಕ್ಕಾಣಿ ಹಿಡಿದೆ. ಅಷ್ಟರಲ್ಲಿ ಭಾವ ಹಿಂದಿನಿಂದ ನೀರಿನ ಪೈಪು ಎಳೆದುಕೊಂಡು ಬಂದರು.

"ಇಬ್ರೂ ಕಾಲು ಮೇಲೆ ತಗೊಳ್ಳಿ," ಎಂದರು. "ನೀರು ಬಿಡ್ತೀನಿ."